ಎರಡು ಸ್ಕ್ಯಾನ್, ಎರಡು ಅಂಕಿ: ಹೃದಯದ ಎಂಆರ್‌ಐ ವರದಿಯನ್ನು ಓದುವ ಬಗೆ

ಓದುಗರ ಪ್ರಶ್ನೆ, ವೈದ್ಯರ ಉತ್ತರ

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯದಾದ್ಯಂತ ಸುದ್ದಿಯಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೃದಯದ ಪರೀಕ್ಷೆಗಳ ಕುರಿತಾದವೇ ಹೆಚ್ಚು. ಈ ಬಾರಿ ಆಯ್ದ ಪತ್ರಗಳೆಲ್ಲವೂ ಹೃದಯದ ಎಂಆರ್‌ಐಗೆ ಸಂಬಂಧಿಸಿವೆ. ಅದರಲ್ಲೂ ರಕ್ತನಾಳದ ಮೂಲಕ ಕೊಡುವ ಗ್ಯಾಡೊಲಿನಿಯಂ ಔಷಧವು ಹೃದಯದ ಸ್ನಾಯುವಿನಲ್ಲಿ ಎಷ್ಟು ಸೇರಿಕೊಂಡಿದೆ ಎಂಬುದನ್ನು ಅಳೆಯುವ ವಿಧಾನಗಳನ್ನು ಕುರಿತಾಗಿವೆ. ಮೊದಲ ಪತ್ರದ ಪ್ರಶ್ನೆಯಲ್ಲಿ ಇಡೀ ವಿಷಯದ ತಿರುಳು ಅಡಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅಣ್ಣನವರಿಗೆ 61 ವರ್ಷ. ಎಕೋ ಪರೀಕ್ಷೆಯಲ್ಲಿ ಹೃದಯದ ಗೋಡೆ ದಪ್ಪವಾಗಿರುವುದು ಕಂಡದ್ದರಿಂದ ಕಳೆದ ವರ್ಷ ಒಂದು ಊರಿನಲ್ಲಿ, ಈ ವರ್ಷ ಇನ್ನೊಂದು ಊರಿನಲ್ಲಿ ಎಂಆರ್‌ಐ ಮಾಡಿಸಿದೆವು. ಎರಡೂ ಒಂದೇ ಕಾಂತಶಕ್ತಿಯ, ಅಂದರೆ 1.5 ಟೆಸ್ಲಾದ ಯಂತ್ರಗಳೇ. ಮೊದಲ ವರದಿಯಲ್ಲಿ ‘ನೇಟಿವ್ ಟಿ1 1010 ಮಿಲಿಸೆಕೆಂಡ್, ಇಸಿವಿ ಶೇ 29’ ಎಂದಿದೆ. ಎರಡನೆಯದರಲ್ಲಿ ‘1190 ಮಿಲಿಸೆಕೆಂಡ್, ಶೇ 22’ ಎಂದಿದೆ. ಟಿ1 ಏರಿದರೆ ಕಾಯಿಲೆ ಹೆಚ್ಚಿದಂತೆ, ಇಸಿವಿ ಇಳಿದರೆ ಕಡಿಮೆಯಾದಂತೆ ಎಂದು ಕೇಳಿದ್ದೇವೆ. ಒಂದೇ ಹೃದಯದಲ್ಲಿ ಎರಡೂ ಆಗುವುದು ಹೇಗೆ? ಯಾವ ವರದಿಯನ್ನು ನಂಬಬೇಕು? ಮೊದಲನೆಯದರ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಮೋಲಿ’ ಎಂದೂ ಎರಡನೆಯದರಲ್ಲಿ ‘ಸಾಶಾ’ ಎಂದೂ ಬರೆದಿದ್ದಾರೆ.
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ನೀವು ಆ ಸಣ್ಣ ಅಕ್ಷರಗಳನ್ನು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಉತ್ತರ ಇರುವುದು ಅಲ್ಲಿಯೇ. ಎರಡು ವರದಿಗಳಲ್ಲಿ ಯಾವುದೂ ತಪ್ಪಲ್ಲ. ಅವು ಮೋಲಿ, ಸಾಶಾ ಎಂಬ ಎರಡು ಬೇರೆ ಅಳತೆಗೋಲುಗಳಿಂದ ಅಳೆದ ಅಂಕಿಗಳು. ಪಲ್ಪ್ ಮಾಡಿ ಒಣಗಿಸಿದ ಒಂದೇ ಮೂಟೆ ಕಾಫಿಗೆ ನಿಮ್ಮ ತೋಟದ ಮಾಯ್ಶ್ಚರ್ ಮೀಟರ್ ಒಂದು ತೇವಾಂಶವನ್ನೂ ವ್ಯಾಪಾರಿಯ ಮೀಟರ್ ಇನ್ನೊಂದನ್ನೂ ತೋರಿಸುವುದು ನಿಮಗೆ ಹೊಸದಲ್ಲ. ಆಗ ಕಾಫಿ ಬದಲಾಯಿತೆಂದು ನೀವು ತಿಳಿಯುವುದಿಲ್ಲ; ಯಾವ ಮೀಟರಿನಲ್ಲಿ ನೋಡಿದ್ದು ಎಂದು ಕೇಳುತ್ತೀರಿ. ಇಲ್ಲಿಯೂ ಮೊದಲು ಕೇಳಬೇಕಾದದ್ದು ಅದೇ.

ಅಳತೆ ಏಕೆ ಇಷ್ಟು ಸೂಕ್ಷ್ಮ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಸಿ.ಟಿ. ಸ್ಕ್ಯಾನಿನಲ್ಲಿ ಕೊಡುವ ಅಯೋಡಿನ್ ಔಷಧವು ಎಕ್ಸ್-ರೇಯನ್ನು ತಾನೇ ತಡೆದು ನೇರವಾಗಿ ಕಾಣಿಸುತ್ತದೆ. ಎಂಆರ್‌ಐ ಯಂತ್ರಕ್ಕೆ ಗ್ಯಾಡೊಲಿನಿಯಂ ಹಾಗೆ ಕಾಣುವುದೇ ಇಲ್ಲ. ಯಂತ್ರ ನೋಡುವುದು ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಕಾಂತೀಯ ವರ್ತನೆಯನ್ನು. ರೇಡಿಯೋ ತರಂಗದಿಂದ ಅಲುಗಿಸಿದ ಆ ಪರಮಾಣುಗಳು ತಮ್ಮ ಸಹಜ ಸ್ಥಿತಿಗೆ ಮರಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂಬುದನ್ನು ಸೂಚಿಸುವ ಅಳತೆಯೇ ಟಿ1. ಜೋಡಿಯಿಲ್ಲದ ಏಳು ಎಲೆಕ್ಟ್ರಾನ್‌ಗಳಿರುವ ಗ್ಯಾಡೊಲಿನಿಯಂ ಹತ್ತಿರವಿದ್ದರೆ ಆ ಮರಳುವಿಕೆ ಬಹಳ ಬೇಗ ಆಗುತ್ತದೆ, ಅಂದರೆ ಟಿ1 ಕಡಿಮೆಯಾಗುತ್ತದೆ. ಆದ್ದರಿಂದ ಔಷಧ ಎಷ್ಟಿದೆ ಎಂದು ತಿಳಿಯಬೇಕಾದರೆ ಔಷಧ ಕೊಡುವ ಮುಂಚಿನ ಟಿ1 ಮತ್ತು ಕೊಟ್ಟ ನಂತರದ ಟಿ1 ಎರಡನ್ನೂ ಅಳೆದು, ಅವುಗಳ ವಿಲೋಮಗಳ (ಒಂದನ್ನು ಟಿ1ರಿಂದ ಭಾಗಿಸಿದಾಗ ಬರುವ ಅಂಕಿಗಳ) ವ್ಯತ್ಯಾಸದಿಂದ ಲೆಕ್ಕ ಹಾಕಬೇಕು. ನಿಮ್ಮ ವರದಿಯ ‘ನೇಟಿವ್ ಟಿ1’ ಎಂದರೆ ಔಷಧ ಕೊಡುವ ಮುಂಚಿನದು.

ಇಸಿವಿ ಎಂದರೆ ಸ್ನಾಯುವಿನ ಒಟ್ಟು ಗಾತ್ರದಲ್ಲಿ ಜೀವಕೋಶಗಳ ಹೊರಗಿರುವ ಜಾಗದ ಪಾಲು. ಒಂದು ಬಕೆಟ್ಟಿನ ತುಂಬ ಕಾಫಿ ಹಣ್ಣು ಹಾಕಿ ನೀರು ಹೊಯ್ದರೆ ನೀರು ಹಣ್ಣಿನ ಒಳಕ್ಕೆ ಹೋಗುವುದಿಲ್ಲ, ಹಣ್ಣುಗಳ ನಡುವಿನ ಸಂದಿಗಳಲ್ಲಿ ನಿಲ್ಲುತ್ತದೆ. ಗ್ಯಾಡೊಲಿನಿಯಂ ಔಷಧವೂ ಹಾಗೆಯೇ. ಆರೋಗ್ಯವಾಗಿರುವ ಕೋಶದೊಳಕ್ಕೆ ಅದು ಹೋಗದು. ಸಂದಿಗಳಲ್ಲಿ ನಾರು ಬೆಳೆದು ಜಾಗ ಹಿಗ್ಗಿದರೆ, ಅಥವಾ ಕೋಶಗಳು ಸತ್ತು ಸಿಪ್ಪೆ ಒಡೆದರೆ, ಔಷಧ ನಿಲ್ಲುವ ಜಾಗ ಹೆಚ್ಚುತ್ತದೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಸ್ನಾಯುವಿನ ಟಿ1 ಔಷಧಕ್ಕೆ ಮುಂಚೆ 1000, ನಂತರ 450 ಮಿಲಿಸೆಕೆಂಡ್ ಎಂದುಕೊಳ್ಳಿ. ಹೃದಯದ ಕೋಣೆಯೊಳಗಿನ ರಕ್ತದ ಟಿ1 ಮುಂಚೆ 1550, ನಂತರ 300 ಎಂದುಕೊಳ್ಳಿ. ಸೆಕೆಂಡಿನ ಲೆಕ್ಕದಲ್ಲಿ ವಿಲೋಮ ತೆಗೆದರೆ ಸ್ನಾಯುವಿನ ಬದಲಾವಣೆ 1.22, ರಕ್ತದ್ದು 2.69. ಈ ಔಷಧಗಳ ಶಕ್ತಿ ಸಾಮಾನ್ಯವಾಗಿ ಲೀಟರಿಗೆ ಒಂದು ಮಿಲಿಮೋಲ್ ಇದ್ದಾಗ 4ರಿಂದ 5ರಷ್ಟು ಬದಲಾವಣೆ ತರುವಂಥದ್ದಾದ್ದರಿಂದ ಸ್ನಾಯುವಿನಲ್ಲಿ ಲೀಟರಿಗೆ ಸುಮಾರು ಕಾಲು ಮಿಲಿಮೋಲ್ ಔಷಧ ಇದೆಯೆಂದಾಯಿತು. ರಕ್ತದಲ್ಲಿ ಔಷಧವು ಕೆಂಪು ಕಣಗಳ ಒಳಕ್ಕೂ ಹೋಗದು, ಪ್ಲಾಸ್ಮಾದಲ್ಲಿ ಮಾತ್ರ ಇರುತ್ತದೆ. ಹಾಗಾಗಿ ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಹಿಮೆಟೊಕ್ರಿಟ್, ಶೇ 42 ಇದ್ದರೆ 1.22ನ್ನು 2.69ರಿಂದ ಭಾಗಿಸಿ 0.58ರಿಂದ ಗುಣಿಸಬೇಕು, ಉತ್ತರ ಸುಮಾರು ಶೇ 26. ಇದು ಸಹಜವಾದ ಅಂಕಿ. ಹಿಮೆಟೊಕ್ರಿಟ್ ಈಗ ಶೇ 32ಕ್ಕೆ ಇಳಿದಿದ್ದು, ಲೆಕ್ಕಕ್ಕೆ ಮಾತ್ರ ಆರು ತಿಂಗಳ ಹಿಂದಿನ ಶೇ 42ನ್ನೇ ಹಾಕಿದ್ದರೆ, ನಿಜವಾದ ಶೇ 31ರ ಬದಲು ವರದಿಯಲ್ಲಿ ಶೇ 26 ಎಂದೇ ಬರುತ್ತದೆ. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಜನರಲ್ಲಿ ಇದು ಸಣ್ಣ ವಿಷಯವಲ್ಲ. ಸ್ಕ್ಯಾನಿನ ದಿನವೇ ರಕ್ತ ತೆಗೆದು ಪರೀಕ್ಷಿಸಿದರೆ ಮಾತ್ರ ಈ ಅಂಕಿಗೆ ಬೆಲೆ.

ಇನ್ನು ಮೋಲಿ ಮತ್ತು ಸಾಶಾ. ಮೋಲಿ ವಿಧಾನ ಪ್ರಕಟವಾದದ್ದು 2004ರಲ್ಲಿ, ಸಾಶಾ ಸುಮಾರು ಹತ್ತು ವರ್ಷಗಳ ನಂತರ. ಮೋಲಿಯಲ್ಲಿ ಕಾಂತೀಯತೆಯನ್ನು ಪೂರ್ತಿ ತಲೆಕೆಳಗು ಮಾಡಿ, ಅದು ಮೇಲೇರುತ್ತಿರುವಾಗ ಹಲವು ಹೃದಯ ಬಡಿತಗಳಲ್ಲಿ ಚಿತ್ರ ತೆಗೆಯುತ್ತಾರೆ. ಬಾವಿಯ ತಳದಿಂದ ನೀರು ಏರುವುದನ್ನು ಗುರುತು ಹಾಕಿದಂತೆ, ಏರುವ ಅಂತರ ದೊಡ್ಡದಾದ್ದರಿಂದ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಆದರೆ ಪ್ರತಿ ಚಿತ್ರವೂ ಏರುತ್ತಿರುವ ನೀರಿನಿಂದ ಒಂದು ಕೊಡ ಮೊಗೆದಂತೆ. ಅದಕ್ಕೆ ಲೆಕ್ಕದಲ್ಲಿ ತಿದ್ದುಪಡಿ ಮಾಡಿದರೂ ಟಿ2 ಎಂಬ ಇನ್ನೊಂದು ಗುಣ, ಪ್ರೋಟೀನುಗಳಿಗೆ ಅಂಟಿಕೊಂಡ ನೀರಿನ ಪ್ರಭಾವ, ಹೃದಯ ಬಡಿತದ ವೇಗ ಇವೆಲ್ಲ ಒಳನುಗ್ಗಿ, ಟಿ1 ನಿಜವಾದುದಕ್ಕಿಂತ ಕಡಿಮೆ ಬರುತ್ತದೆ. ಸಾಶಾದಲ್ಲಿ ಪ್ರತಿ ಚಿತ್ರಕ್ಕೂ ಮುಂಚೆ ಕಾಂತೀಯತೆಯನ್ನು ಸೊನ್ನೆಗೆ ತಂದು ಹೊಸದಾಗಿ ಏರಲು ಬಿಡುತ್ತಾರೆ. ಹಿಂದಿನ ಚಿತ್ರದ ಪ್ರಭಾವ ಮುಂದಿನದಕ್ಕೆ ತಾಗದ ಕಾರಣ ಅಂಕಿ ನಿಜಕ್ಕೆ ಹತ್ತಿರವಿರುತ್ತದೆ. ಆದರೆ ಏರುವ ಅಂತರ ಅರ್ಧದಷ್ಟೇ ಆದ್ದರಿಂದ ಮತ್ತೆ ಮತ್ತೆ ಅಳೆದಾಗ ಅಂಕಿ ಹೆಚ್ಚು ಚದುರುತ್ತದೆ.

1.5 ಟೆಸ್ಲಾದಲ್ಲಿ ಆರೋಗ್ಯವಂತರ ನೇಟಿವ್ ಟಿ1 ಮೋಲಿಯಲ್ಲಿ 950ರಿಂದ 1000ದ ಆಸುಪಾಸಿನಲ್ಲಿ ಬಂದರೆ, ಸಾಶಾದಲ್ಲಿ 1200ರ ಹತ್ತಿರ ಬರುತ್ತದೆ. ಇಸಿವಿ ಮೋಲಿಯಲ್ಲಿ ಶೇ 25ರ ಆಸುಪಾಸು, ಸಾಶಾದಲ್ಲಿ ಶೇ 20ರ ಆಸುಪಾಸು. ಇಸಿವಿ ಒಂದು ಅನುಪಾತವಾದ್ದರಿಂದ ಮೇಲಿನ ತಪ್ಪು ಕೆಳಗಿನ ತಪ್ಪನ್ನು ಹೊಡೆದುಹಾಕಬೇಕಲ್ಲವೇ ಎಂದು ತೋರಬಹುದು. ಆದರೆ ಸ್ನಾಯುವಿನಲ್ಲಿ ಆಗುವ ತಪ್ಪು ಮತ್ತು ರಕ್ತದಲ್ಲಿ ಆಗುವ ತಪ್ಪು ಒಂದೇ ಪ್ರಮಾಣದ್ದಲ್ಲವಾದ್ದರಿಂದ ಅವು ಪೂರ್ತಿ ಹೊಡೆದುಹೋಗುವುದಿಲ್ಲ. ಈಗ ನಿಮ್ಮ ಅಣ್ಣನವರ ಅಂಕಿಗಳನ್ನು ನೋಡಿ. ಮೋಲಿಯ 1010 ಮತ್ತು ಶೇ 29 ಸಹಜಕ್ಕಿಂತ ತುಸು ಮೇಲೆ; ಸಾಶಾದ 1190 ಮತ್ತು ಶೇ 22 ಸಹಜದ ಬಳಿ ಅಥವಾ ತುಸುವೇ ಮೇಲೆ. ಕಾಯಿಲೆ ಏರಿತೆಂದು ಹೇಳಲು ಇದರಲ್ಲಿ ಆಧಾರವಿಲ್ಲ, ಇಳಿಯಿತೆಂದು ನೆಮ್ಮದಿಪಡಲೂ ಆಧಾರವಿಲ್ಲ.

ಹೃದಯ ಎಂಆರ್‌ಐ ತಜ್ಞರ ಅಂತರರಾಷ್ಟ್ರೀಯ ಸಂಘವು ಯುರೋಪಿನ ಹೃದಯ ಚಿತ್ರಣ ತಜ್ಞರೊಡನೆ 2017ರಲ್ಲಿ ಹೊರಡಿಸಿದ ಒಮ್ಮತದ ಹೇಳಿಕೆಯಲ್ಲಿ, ಪ್ರತಿ ಕೇಂದ್ರವೂ ತನ್ನ ಯಂತ್ರ ಮತ್ತು ತನ್ನ ವಿಧಾನಕ್ಕೆ ತಕ್ಕ ಸಹಜ ಮಿತಿಯನ್ನು ತಾನೇ ಗೊತ್ತುಮಾಡಿಕೊಳ್ಳಬೇಕೆಂದು ಹೇಳಿರುವುದು ಇದೇ ಕಾರಣಕ್ಕೆ. ಎರಡೂ ಕಡೆಯವರಿಂದ ಅವರವರ ಸಹಜ ಮಿತಿ ಏನೆಂದು ಬರೆಸಿಕೊಂಡು, ಚಿತ್ರಗಳಿರುವ ಸಿ.ಡಿ.ಯ ಜೊತೆ ಚಿಕಿತ್ಸೆ ನೀಡುತ್ತಿರುವ ಹೃದ್ರೋಗ ತಜ್ಞರಿಗೆ ತೋರಿಸಿ. ಮುಂದಿನ ಸ್ಕ್ಯಾನ್ ಅಗತ್ಯವಾದರೆ ಎರಡರಲ್ಲಿ ಒಂದು ಕಡೆ, ಅದೇ ಯಂತ್ರದಲ್ಲಿ, ಅದೇ ವಿಧಾನದಲ್ಲಿ ಮಾಡಿಸಿ.

ಪ್ರಶ್ನೆ: ನಮ್ಮ ತಂದೆಯವರಿಗೆ 72 ವರ್ಷ, ಕಾಲು ಬಾವು ಮತ್ತು ಏದುಸಿರು ಇದೆ. ಎಂಆರ್‌ಐ ವರದಿಯಲ್ಲಿ ‘ಎಲ್‌ಜಿಇ ಚಿತ್ರಗಳಲ್ಲಿ ಸ್ಪಷ್ಟವಾದ ಕಲೆ ಇಲ್ಲ, ಸ್ನಾಯುವನ್ನು ಕಪ್ಪಾಗಿಸಲು ಕಷ್ಟವಾಯಿತು’ ಎಂದು ಬರೆದು, ಕೆಳಗೆ ‘ಇಸಿವಿ ಶೇ 46, ಮೋಲಿ’ ಎಂದಿದ್ದಾರೆ. ಕಲೆ ಇಲ್ಲವೆಂದ ಮೇಲೆ ಸಮಾಧಾನಪಡಬಹುದೇ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ದಯವಿಟ್ಟು ತಡಮಾಡದೆ ವೈದ್ಯರನ್ನು ಕಾಣಿರಿ. ಕಲೆ ಇಲ್ಲ ಎಂಬ ಮಾತು ಇಲ್ಲಿ ಸಮಾಧಾನ ಕೊಡುವಂಥದ್ದಲ್ಲ.

ಎಲ್‌ಜಿಇ ಎಂದರೆ ಔಷಧ ಕೊಟ್ಟು ಹತ್ತು ನಿಮಿಷಕ್ಕೂ ಹೆಚ್ಚು ಕಾದು ತೆಗೆಯುವ ಚಿತ್ರ. ಆರೋಗ್ಯವಾದ ಸ್ನಾಯು ಪೂರ್ತಿ ಕಪ್ಪಾಗಿ ಕಾಣುವ ಕ್ಷಣವನ್ನು ತಂತ್ರಜ್ಞರು ಆರಿಸಿಕೊಳ್ಳುತ್ತಾರೆ. ಆಗ ಔಷಧ ಹೆಚ್ಚು ನಿಂತಿರುವ ಕಲೆ ಬೆಳ್ಳಗೆ ಎದ್ದು ಕಾಣುತ್ತದೆ. ಹೃದಯಾಘಾತದ ನಂತರ ಯಾವ ಭಾಗ ಸತ್ತಿದೆ, ಯಾವ ಭಾಗಕ್ಕೆ ಇನ್ನೂ ಜೀವವಿದೆ ಎಂದು ಹೇಳುವುದರಲ್ಲಿ ಇದಕ್ಕೆ ಸಾಟಿಯಾದ ವಿಧಾನ ಕಡಿಮೆ. ರೇಮಂಡ್ ಕಿಮ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವು, ಕಲೆ ಗೋಡೆಯ ದಪ್ಪದಲ್ಲಿ ಎಷ್ಟು ಪಾಲನ್ನು ಆವರಿಸಿದೆ ಎಂಬುದರ ಮೇಲೆ ಬೈಪಾಸ್ ಅಥವಾ ಸ್ಟೆಂಟ್‌ನ ನಂತರ ಆ ಭಾಗ ಚೇತರಿಸಿಕೊಳ್ಳುವ ಸಾಧ್ಯತೆ ನಿಂತಿದೆಯೆಂದು ತೋರಿಸಿತು. ಅಂದಿನಿಂದ ಹೃದ್ರೋಗ ತಜ್ಞರ ನಿರ್ಧಾರಗಳಲ್ಲಿ ಇದಕ್ಕೆ ಗಟ್ಟಿಯಾದ ಸ್ಥಾನವಿದೆ.

ಆದರೆ ಈ ವಿಧಾನ ಔಷಧದ ಪ್ರಮಾಣವನ್ನು ಅಳೆಯುವುದಿಲ್ಲ. ಒಂದು ಭಾಗವನ್ನು ಇನ್ನೊಂದಕ್ಕೆ ಹೋಲಿಸಿ ತೋರಿಸುತ್ತದೆ, ಅಷ್ಟೇ. ಇಡೀ ಗದ್ದೆಯ ಪೈರು ಒಂದೇ ಸಮನೆ ಹಳದಿಯಾಗಿದ್ದರೆ ಹಸಿರು ಯಾವುದು, ಹಳದಿ ಯಾವುದು ಎಂದು ಬೇರ್ಪಡಿಸಿ ತೋರಿಸಲು ಗದ್ದೆಯೊಳಗೇ ಗುರುತು ಸಿಗುವುದಿಲ್ಲ. ಹಾಗೆಯೇ ಎಡ ಕುಕ್ಷಿಯ, ಅಂದರೆ ದೇಹಕ್ಕೆ ರಕ್ತ ಒತ್ತುವ ಕೋಣೆಯ, ಸ್ನಾಯುವಿನ ಎಲ್ಲೆಡೆಯೂ ಔಷಧ ಸಮನಾಗಿ ಹೆಚ್ಚು ನಿಂತರೆ, ಕಪ್ಪಾಗಿಸಬೇಕಾದ ‘ಆರೋಗ್ಯವಾದ ಸ್ನಾಯು’ ಸಿಗದೆ ತಂತ್ರಜ್ಞರು ಒದ್ದಾಡುತ್ತಾರೆ. ನಿಮ್ಮ ತಂದೆಯವರ ವರದಿಯಲ್ಲಿ ‘ಕಪ್ಪಾಗಿಸಲು ಕಷ್ಟವಾಯಿತು’ ಎಂದಿರುವುದು ಪ್ರಾಮಾಣಿಕವಾದ ಮತ್ತು ಬಹಳ ಬೆಲೆಯುಳ್ಳ ಮಾತು. ಅದನ್ನು ಬರೆದ ವೈದ್ಯರಿಗೆ ನಾನು ಕೃತಜ್ಞ. ಇಸಿವಿ ಹಾಗಲ್ಲ. ಅದು ಸ್ನಾಯುವನ್ನು ಸ್ನಾಯುವಿಗೇ ಹೋಲಿಸದೆ ರಕ್ತಕ್ಕೆ ಹೋಲಿಸುತ್ತದೆ. ಮೋಲಿಯಲ್ಲಿ ಸಹಜವಾಗಿ ಶೇ 25ರ ಸುತ್ತ ಇರಬೇಕಾದುದು ಶೇ 40ನ್ನು ದಾಟಿದರೆ ಮೊದಲು ಯೋಚಿಸಬೇಕಾದ ಕಾಯಿಲೆ ಅಮೈಲಾಯ್ಡ್, ಅಂದರೆ ಅಸಹಜ ಪ್ರೋಟೀನು ಕೋಶಗಳ ನಡುವೆ ಶೇಖರವಾಗುವುದು.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ, ಚಿಕಿತ್ಸೆಗಳೂ ಬೇರೆ ಬೇರೆ. ಯಾವ ಬಗೆಯೆಂದು ಎಂಆರ್‌ಐ ಒಂದರಿಂದಲೇ ಹೇಳಲಾಗದು. ರಕ್ತ ಮತ್ತು ಮೂತ್ರದಲ್ಲಿ ಲೈಟ್ ಚೈನ್ ಪ್ರೋಟೀನಿನ ಪರೀಕ್ಷೆ ಹಾಗೂ ಟೆಕ್ನಿಷಿಯಂ ಪೈರೋಫಾಸ್ಫೇಟ್ ಬಳಸಿ ಮಾಡುವ ನ್ಯೂಕ್ಲಿಯರ್ ಸ್ಕ್ಯಾನ್ ಬೇಕಾಗುತ್ತದೆ. ಲೈಟ್ ಚೈನ್ ಪ್ರೋಟೀನು ಶೇಖರವಾಗುವ ಬಗೆಯಾದರೆ ವಾರಗಳ ವಿಳಂಬವೂ ಹಾನಿಕರ.

ಪ್ರಶ್ನೆ: ನನ್ನ ಮಗನಿಗೆ 24 ವರ್ಷ. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ಅಂದರೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ, ಎಂದಿದ್ದಾರೆ. ಒಂದೇ ಎಂಆರ್‌ಐ ಚಿತ್ರಗಳನ್ನು ನೋಡಿ ಒಬ್ಬ ವೈದ್ಯರು ಕಲೆ ಶೇ 9 ಎಂದರು, ಇನ್ನೊಬ್ಬರು ಶೇ 17 ಎಂದರು. ಶೇ 15ಕ್ಕಿಂತ ಹೆಚ್ಚಿದ್ದರೆ ಎದೆಯಲ್ಲಿ ಬಡಿತ ತಪ್ಪಿದಾಗ ಸರಿಪಡಿಸುವ ಯಂತ್ರ ಅಳವಡಿಸಬೇಕಾಗಬಹುದು ಎನ್ನುತ್ತಾರೆ. ಯಾರ ಮಾತು ಕೇಳಬೇಕು?
– ತಾಯಿಯೊಬ್ಬರು, ಬೇಲೂರು

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಇಬ್ಬರೂ ವೈದ್ಯರು ನೋಡಿದ್ದು ಒಂದೇ ಬೆಳ್ಳಗಿನ ಕಲೆಯನ್ನು. ಎಷ್ಟು ಬೆಳ್ಳಗಿದ್ದರೆ ಅದನ್ನು ಕಲೆ ಎಂದು ಎಣಿಸಬೇಕು ಎಂಬ ಗೆರೆಯನ್ನು ಬೇರೆ ಬೇರೆ ಕಡೆ ಎಳೆದಿರಬೇಕು.

ಕಂಪ್ಯೂಟರಿನಲ್ಲಿ ಈ ಗೆರೆ ಎಳೆಯಲು ಹಲವು ಕ್ರಮಗಳಿವೆ. ಆರೋಗ್ಯವಾದ ಸ್ನಾಯುವಿನ ಸರಾಸರಿ ಹೊಳಪಿಗಿಂತ ಎರಡು ಪ್ರಮಾಣ ವಿಚಲನೆಗಳಷ್ಟು (ಹೊಳಪು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರುತ್ತದೆ ಎಂಬುದರ ಅಳತೆ) ಹೆಚ್ಚು ಹೊಳೆಯುವುದನ್ನೆಲ್ಲ ಕಲೆ ಎಂದು ಎಣಿಸುವುದು ಒಂದು. ಐದು ಅಥವಾ ಆರು ವಿಚಲನೆಗಳಷ್ಟು ಹೆಚ್ಚಿದ್ದರೆ ಮಾತ್ರ ಎಣಿಸುವುದು ಇನ್ನೊಂದು. ಅತಿ ಹೆಚ್ಚು ಹೊಳೆಯುವ ಚುಕ್ಕಿಯ ಅರ್ಧಕ್ಕಿಂತ ಹೆಚ್ಚು ಹೊಳಪಿರುವುದನ್ನು ಎಣಿಸುವುದು ಮತ್ತೊಂದು. ಮೊದಲನೆಯದರಲ್ಲಿ ಮಸುಕಾದ ಬೂದು ಭಾಗವೂ ಸೇರಿಕೊಳ್ಳುವುದರಿಂದ ಅಂಕಿ ದೊಡ್ಡದಾಗಿ ಬರುತ್ತದೆ. ಅರ್ಧ ಹೊಳಪಿನ ಕ್ರಮವನ್ನು ಯಾರು ಮಾಡಿದರೂ ಹೆಚ್ಚು ಕಡಿಮೆ ಒಂದೇ ಉತ್ತರ ಬರುತ್ತದೆ ಎಂಬುದು ಅದರ ದೊಡ್ಡ ಗುಣ. ಗಟ್ಟಿಯಾದ ಕಲೆಯಿಲ್ಲದೆ ಮಸುಕಾಗಿ ಹರಡಿದ ಕಲೆ ಮಾತ್ರ ಇದ್ದಾಗ ಅದು ಅಷ್ಟು ನೆಚ್ಚುವಂಥದ್ದಲ್ಲ. ಇದೂ ಸಹ ಔಷಧ ಎಷ್ಟಿದೆ ಎಂಬುದರ ಪರೋಕ್ಷ ಅಳತೆಯೇ ಆದ್ದರಿಂದ ಯಾವ ಕ್ರಮದಲ್ಲಿ ಅಳೆದದ್ದು ಎಂದು ಬರೆಯದೆ ಶೇಕಡಾವಾರು ಮಾತ್ರ ಬರೆದ ವರದಿ ಅಪೂರ್ಣ ಎಂದೇ ನಾನು ತಿಳಿಯುತ್ತೇನೆ.

ಶೇ 15 ಎಂಬ ಅಂಕಿಗೆ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಬೆಂಬಲವಿದೆ. ಎಡ ಕುಕ್ಷಿಯ ತೂಕದಲ್ಲಿ ಶೇ 15 ಅಥವಾ ಹೆಚ್ಚು ಕಲೆ ಇದ್ದವರಲ್ಲಿ ಹಠಾತ್ ಸಾವಿನ ಅಪಾಯ ಕಲೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಆದರೆ ಶೇ 14ಕ್ಕೆ ಅಪಾಯವಿಲ್ಲ, 16ಕ್ಕೆ ಇದೆ ಎಂಬ ಬೇಲಿ ಅದಲ್ಲ. ಕುಟುಂಬದಲ್ಲಿ ಹಠಾತ್ ಸಾವು ಆಗಿದೆಯೇ, ಮಗ ಎಂದಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆಯೇ, ಗೋಡೆಯ ದಪ್ಪ 30 ಮಿಲಿಮೀಟರ್ ಮುಟ್ಟಿದೆಯೇ, ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್ ಪರೀಕ್ಷೆಯಲ್ಲಿ ಬಡಿತ ತಪ್ಪಿದೆಯೇ ಎಂಬ ಪ್ರಶ್ನೆಗಳ ಜೊತೆಗೆ ಕಲೆಯ ಅಂಕಿಯನ್ನು ಇಟ್ಟು ನೋಡಬೇಕು. ಎರಡೂ ವರದಿಗಳನ್ನು ಹಿಡಿದುಕೊಂಡು, ಯಾವ ಕ್ರಮದಲ್ಲಿ ಅಳೆದಿರಿ ಎಂದು ಇಬ್ಬರನ್ನೂ ಕೇಳಿ. ಹಾಗೆ ಕೇಳುವುದು ಅವಿನಯವೇನೂ ಅಲ್ಲ.

ಪ್ರಶ್ನೆ: ಹೃದಯಕ್ಕೆ ರಕ್ತ ಸಂಚಾರ ನೋಡುವ ಸ್ಟ್ರೆಸ್ ಎಂಆರ್‌ಐಗೆ ಹಿಂದಿನ ದಿನದಿಂದಲೇ ಕಾಫಿ ಕುಡಿಯಬಾರದು ಎಂದಿದ್ದಾರೆ. ದಿನಕ್ಕೆ ಐದಾರು ಲೋಟ ಕುಡಿಯುವವನು ನಾನು. ಒಂದು ಲೋಟದಿಂದ ಅಷ್ಟು ವ್ಯತ್ಯಾಸವಾಗುತ್ತದೆಯೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಆಗುತ್ತದೆ. ಕಾಫಿ ಬೆಳೆಯುವ ನಮ್ಮ ಕಡೆ ಒಂದು ದಿನ ಕಾಫಿ ಬಿಟ್ಟಿರುವುದು ಸುಲಭವಲ್ಲವೆಂದು ಬಲ್ಲೆ, ಆದರೂ ಈ ಸೂಚನೆಯನ್ನು ಅಕ್ಷರಶಃ ಪಾಲಿಸಿ. ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅಡೆನೊಸಿನ್ ಎಂಬ ಔಷಧವನ್ನು ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 140 ಮೈಕ್ರೋಗ್ರಾಂನಂತೆ ಹರಿಸಿ ಹೃದಯದ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತಾರೆ. ಅಡೆನೊಸಿನ್ ಹಿಡಿದುಕೊಳ್ಳಬೇಕಾದ ಗ್ರಾಹಕಗಳನ್ನೇ ಕೆಫೀನ್ ಮೊದಲು ಹೋಗಿ ಆಕ್ರಮಿಸುತ್ತದೆ. ಆಗ ನಾಳಗಳು ಹಿಗ್ಗದೆ, ಅಡಚಣೆಯಿರುವ ಭಾಗವೂ ಇಲ್ಲದ ಭಾಗವೂ ಒಂದೇ ರೀತಿ ಕಾಣುತ್ತವೆ. ಕಾಯಿಲೆ ಇದ್ದರೂ ಇಲ್ಲವೆಂಬ ವರದಿ ಬರಬಹುದು. ಚಹಾ, ಕೋಲಾ, ಚಾಕೊಲೇಟ್ ಹಾಗೂ ಕೆಫೀನ್ ಸೇರಿರುವ ಕೆಲವು ತಲೆನೋವಿನ ಮಾತ್ರೆಗಳಿಗೂ ಇದೇ ನಿಯಮ. ಆಸ್ತಮಾ ಇದ್ದರೆ ಮುಂಚೆಯೇ ತಿಳಿಸಿ, ಅಂಥವರಿಗೆ ಅಡೆನೊಸಿನ್ ಸಾಮಾನ್ಯವಾಗಿ ಕೊಡುವುದಿಲ್ಲ.

ಇಲ್ಲಿ ಅಳೆಯುವುದು ಔಷಧ ಎಷ್ಟು ನಿಂತಿದೆ ಎಂಬುದನ್ನಲ್ಲ, ಮೊದಲ ಸುತ್ತಿನಲ್ಲಿ ಎಷ್ಟು ಬೇಗ ಬಂತು ಎಂಬುದನ್ನು. ಗ್ಯಾಡೊಲಿನಿಯಂ ಒಮ್ಮೆಗೇ ರಭಸದಿಂದ ಒಳಹೋಗಿ, ಎಡ ಕುಕ್ಷಿಯನ್ನು ದಾಟಿ, ಸ್ನಾಯುವಿಗೆ ಹರಡುವುದನ್ನು ಪ್ರತಿ ಬಡಿತಕ್ಕೂ ಚಿತ್ರ ತೆಗೆದು ನೋಡುತ್ತಾರೆ. ಕಣ್ಣಿನಿಂದ ನೋಡಿ ಯಾವ ಭಾಗ ಕಪ್ಪಾಗಿ ಉಳಿಯಿತು ಎಂದು ಹೇಳುವುದು ಹಳೆಯ ರೂಢಿ. ಒಂದು ನಾಳದಲ್ಲಿ ಅಡಚಣೆ ಇದ್ದರೆ ಅದು ಸಾಕು. ಮೂರೂ ನಾಳಗಳಲ್ಲಿ ಅಥವಾ ಕಣ್ಣಿಗೆ ಕಾಣದ ಸಣ್ಣ ನಾಳಗಳಲ್ಲಿ ತೊಂದರೆ ಇದ್ದಾಗ ಎಲ್ಲ ಭಾಗವೂ ಸಮನಾಗಿ ಮಂಕಾಗುವುದರಿಂದ, ಪ್ರತಿ ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಎಂದು ಅಂಕಿಯಲ್ಲಿ ಅಳೆಯುವುದೇ ಮೇಲು. ವಿಶ್ರಾಂತಿಯಲ್ಲಿ ಅದು ಸುಮಾರು 1, ಹಿಗ್ಗಿಸಿದಾಗ ಆರೋಗ್ಯವಂತರಲ್ಲಿ ಎರಡರಿಂದ ನಾಲ್ಕರವರೆಗೆ ಏರುತ್ತದೆ.

ಹಾಗೆ ಅಳೆಯುವುದರಲ್ಲಿ ಒಂದು ತೊಡಕಿದೆ. ಸ್ನಾಯುವಿನಲ್ಲಿ ಔಷಧ ಕಡಿಮೆ ಇರುವಾಗ ಅದು ಹೆಚ್ಚಿದಂತೆ ಹೊಳಪೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದರೆ ಕುಕ್ಷಿಯ ರಕ್ತದಲ್ಲಿ ಒಮ್ಮೆಗೇ ದಟ್ಟವಾಗಿ ಬಂದಾಗ ಹೊಳಪು ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ಬಂದ ಔಷಧ ನಿಜಕ್ಕಿಂತ ಕಡಿಮೆ ಎಂದು ತೋರಿದರೆ ಸ್ನಾಯುವಿನ ರಕ್ತ ಸಂಚಾರ ನಿಜಕ್ಕಿಂತ ಹೆಚ್ಚು ಎಂದು ಲೆಕ್ಕ ಬರುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಮೊದಲು ತೆಳುವಾಗಿಸಿದ ಸ್ವಲ್ಪ ಔಷಧ ಕೊಟ್ಟು ರಕ್ತವನ್ನು ಅಳೆದು, ನಂತರ ಪೂರ್ಣ ಪ್ರಮಾಣ ಕೊಟ್ಟು ಸ್ನಾಯುವನ್ನು ಅಳೆಯುವುದು ಒಂದು. ಔಷಧವನ್ನು ಒಂದೇ ಬಾರಿ ಕೊಟ್ಟು, ಪ್ರತಿ ಬಡಿತದಲ್ಲೂ ರಕ್ತಕ್ಕೆಂದೇ ಬೇರೆ ಬಗೆಯ, ಕಡಿಮೆ ವಿವರದ ಚುರುಕು ಚಿತ್ರವನ್ನೂ ಸ್ನಾಯುವಿಗೆ ಸ್ಪಷ್ಟ ಚಿತ್ರವನ್ನೂ ತೆಗೆಯುವುದು ಇನ್ನೊಂದು. ಎರಡು ಸಿರಿಂಜು, ಎರಡು ಬಾರಿ ಕಾಯುವಿಕೆ ತಪ್ಪುವುದರಿಂದ ದಿನನಿತ್ಯದ ಕೆಲಸಕ್ಕೆ ಎರಡನೆಯದೇ ಅನುಕೂಲ.

ಪ್ರಶ್ನೆ: ನಾನು ಇಮೇಜಿಂಗ್ ಟೆಕ್ನಾಲಜಿ ವಿದ್ಯಾರ್ಥಿನಿ. ಮೋಲಿ, ಶ್‌ಮೋಲಿ, ಸಾಶಾ ಇವುಗಳಲ್ಲಿ ಯಾವುದು ಉತ್ತಮ ಎಂದು ಪರೀಕ್ಷೆಯಲ್ಲಿ ಕೇಳಿದರೆ ಏನು ಬರೆಯಲಿ? ಔಷಧ ಕೊಟ್ಟ ನಂತರದ ಟಿ1 ಒಂದನ್ನೇ ಅಳೆದರೆ ಸಾಲದೇ?
– ಓದುಗರೊಬ್ಬರು, ಹಾಸನ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಾಲದು. ನಂತರದ ಟಿ1, ಎಷ್ಟು ಔಷಧ ಕೊಟ್ಟಿರಿ, ಎಷ್ಟು ನಿಮಿಷ ಬಿಟ್ಟು ಅಳೆದಿರಿ, ರೋಗಿಯ ಮೂತ್ರಪಿಂಡ ಅದನ್ನು ಎಷ್ಟು ಬೇಗ ಹೊರಹಾಕುತ್ತಿದೆ ಎಂಬುದರ ಮೇಲೆಲ್ಲ ನಿಂತಿರುತ್ತದೆ. ರಕ್ತಕ್ಕೆ ಹೋಲಿಸಿದಾಗಲೇ ಈ ಬದಲಾವಣೆಗಳ ಬಹುಪಾಲು ಹೋಗುತ್ತದೆ. ಅದಕ್ಕೂ ಸ್ನಾಯು ಮತ್ತು ರಕ್ತದ ನಡುವೆ ಔಷಧ ಸಮತೋಲಕ್ಕೆ ಬಂದಿರಬೇಕು. 2010ರಲ್ಲಿ ಲಂಡನ್ನಿನ ತಂಡವೊಂದು ಔಷಧವನ್ನು ನಿಧಾನವಾಗಿ ಹನಿಹನಿಯಾಗಿ ಹರಿಸಿ ನಿಜವಾದ ಸಮತೋಲ ತಂದು ಅಳೆದಿತ್ತು. ಅದು ಸರಿಯಾದ ಅಳತೆಯೇ ಆದರೂ ರೋಗಿಯನ್ನು ಬಹಳ ಹೊತ್ತು ಕಾಯಿಸಬೇಕಿತ್ತು. ಒಮ್ಮೆಗೇ ಕೊಟ್ಟು ಸುಮಾರು ಹದಿನೈದು ನಿಮಿಷ ಬಿಟ್ಟು ಅಳೆದರೂ ಹೆಚ್ಚಿನ ಸಂದರ್ಭಗಳಲ್ಲಿ ಸಾಕಾಗುತ್ತದೆಂದು ನಂತರ ಕಂಡುಬಂದದ್ದರಿಂದ ಈಗ ಎಲ್ಲೆಡೆ ಅದೇ ರೂಢಿ.

ಮೊದಲ ಪ್ರಶ್ನೆಗೆ, ‘ಉತ್ತಮ’ ಎಂಬ ಪದವನ್ನು ಬಿಡಿಸಿ ಬರೆಯಿರಿ. ನಿಜಕ್ಕೆ ಎಷ್ಟು ಹತ್ತಿರ ಎಂಬುದು ಒಂದು. ಮತ್ತೆ ಮತ್ತೆ ಅಳೆದಾಗ ಅಂಕಿ ಎಷ್ಟು ಚದುರುತ್ತದೆ ಎಂಬುದು ಬೇರೊಂದು. ಸಾಶಾ ಮೊದಲನೆಯದರಲ್ಲಿ ಮುಂದು, ಮೋಲಿ ಎರಡನೆಯದರಲ್ಲಿ ಮುಂದು. 2014ರಲ್ಲಿ ಈ ವಿಧಾನಗಳನ್ನು ಎದುರುಬದುರಾಗಿಟ್ಟು ಹೋಲಿಸಿದ ಅಧ್ಯಯನದಲ್ಲೂ ಬಂದ ಉತ್ತರ ಇದೇ. ಒಂದೇ ರೋಗಿಯಲ್ಲಿ ಸಣ್ಣ ಬದಲಾವಣೆ ಹಿಡಿಯಬೇಕಾದಾಗ ನಾನು ಚದುರುವಿಕೆ ಕಡಿಮೆಯಿರುವುದನ್ನೇ ಆರಿಸುತ್ತೇನೆ, ಏಕೆಂದರೆ ಸದಾ ಒಂದೇ ಪ್ರಮಾಣದಲ್ಲಿ ತಪ್ಪುವ ತಕ್ಕಡಿಯಿಂದ ಏರಿಳಿತ ತಿಳಿಯುತ್ತದೆ, ದಿನಕ್ಕೊಂದು ರೀತಿ ತಪ್ಪುವುದರಿಂದ ತಿಳಿಯುವುದಿಲ್ಲ. ಆದರೆ ಹೃದಯ ಬಡಿತ ಬಹಳ ವೇಗವಾಗಿದ್ದಾಗ ಮೋಲಿಯ ತಪ್ಪು ಸ್ಥಿರವಾಗಿ ಉಳಿಯುವುದಿಲ್ಲ ಎಂಬುದನ್ನು ನೆನಪಿಡಬೇಕು.

ಉಸಿರಿನ ಮಾತನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ನೀವು ಹಾಗೆ ಮಾಡಬೇಡಿ. ಮೂಲ ಮೋಲಿಗೆ 17 ಬಡಿತಗಳಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕು. ಹೃದಯ ದುರ್ಬಲವಾಗಿ ಮಲಗಲೂ ಆಗದೆ ಬಂದ ರೋಗಿಗೆ ಅದು ಬಹಳ. ಶ್‌ಮೋಲಿ 2010ರಲ್ಲಿ ಬಂದದ್ದು ಇದನ್ನು 9 ಬಡಿತಗಳಿಗೆ ಇಳಿಸಲು. ಉಸಿರು ಅರ್ಧದಲ್ಲಿ ಬಿಟ್ಟ ಮೋಲಿಗಿಂತ ಪೂರ್ತಿ ಹಿಡಿದ ಶ್‌ಮೋಲಿ ಎಷ್ಟೋ ವಾಸಿ. ಉಸಿರು ತಪ್ಪಿದರೆ ಗೋಡೆಯ ಅಂಚು ಸರಿದು, ಸ್ನಾಯುವೆಂದು ಗುರುತಿಸಿದ ಜಾಗಕ್ಕೆ ರಕ್ತ ಬೆರೆತು, ಟಿ1 ಸುಳ್ಳಾಗಿ ಬರುತ್ತದೆ. ಆದ್ದರಿಂದ ಅಳತೆಯ ಗೆರೆಯನ್ನು ಗೋಡೆಯ ನಡುವೆ, ಎರಡೂ ಅಂಚುಗಳಿಂದ ದೂರ ಎಳೆಯಿರಿ. ಸಾಧ್ಯವಾದರೆ ಎರಡು ಕುಕ್ಷಿಗಳ ನಡುವಿನ ಗೋಡೆಯ ಭಾಗದಲ್ಲಿ. ಯಂತ್ರದ ಸಾಫ್ಟ್‌ವೇರ್ ಬದಲಾದಾಗಲೆಲ್ಲ ಫ್ಯಾಂಟಮ್ (ಟಿ1 ಮೊದಲೇ ಗೊತ್ತಿರುವ ಮಾದರಿ ವಸ್ತು) ಇಟ್ಟು ಅಳೆದು, ಹಳೆಯ ಅಂಕಿಗೆ ಹೊಂದುತ್ತದೆಯೇ ನೋಡಿ, ದಿನಾಂಕದೊಡನೆ ಬರೆದಿಡಿ.

ಪ್ರಶ್ನೆ: ನನಗೆ ಮೂತ್ರಪಿಂಡದ ತೊಂದರೆ ಇದೆ. ಗ್ಯಾಡೊಲಿನಿಯಂ ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ರಕ್ತ ಪರೀಕ್ಷೆಯ ವರದಿಯಲ್ಲಿರುವ ಇಜಿಎಫ್‌ಆರ್ ಅಂಕಿಯನ್ನು, ಅಂದರೆ ಮೂತ್ರಪಿಂಡ ರಕ್ತವನ್ನು ಎಷ್ಟು ಸೋಸುತ್ತಿದೆ ಎಂಬ ಅಂದಾಜನ್ನು, ಸ್ಕ್ಯಾನ್ ಕೇಂದ್ರಕ್ಕೆ ಮೊದಲೇ ತಿಳಿಸಿ. ಮೂತ್ರಪಿಂಡ ತೀರಾ ದುರ್ಬಲವಾಗಿದ್ದವರಲ್ಲಿ ಚರ್ಮ ಮತ್ತು ಅಂಗಗಳು ಗಟ್ಟಿಯಾಗುವ ಅಪರೂಪದ ಕಾಯಿಲೆಗೂ ಈ ಔಷಧಗಳಿಗೂ ನಂಟಿದೆಯೆಂದು 2006ರಲ್ಲಿ ತಿಳಿದುಬಂತು. ಆ ನಂಟು ಹೆಚ್ಚಾಗಿ ಕಂಡದ್ದು ಅಣುವಿನ ರಚನೆ ತೆರೆದ ಸರಪಳಿಯಂತಿರುವ ಹಳೆಯ ಔಷಧಗಳಲ್ಲಿ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ, ಮಿದುಳಿನಲ್ಲಿ ಗ್ಯಾಡೊಲಿನಿಯಂ ಉಳಿಯುವುದನ್ನೂ ಪರಿಗಣಿಸಿ, 2017ರಲ್ಲಿ ಅಂಥ ಔಷಧಗಳ ಬಹುಪಾಲು ಬಳಕೆಯನ್ನು ನಿಲ್ಲಿಸಿತು. ಗ್ಯಾಡೊಲಿನಿಯಂ ಅನ್ನು ಉಂಗುರದೊಳಗೆ ಬಿಗಿಯಾಗಿ ಹಿಡಿದಿಡುವ ಮ್ಯಾಕ್ರೋಸೈಕ್ಲಿಕ್ ಔಷಧಗಳಲ್ಲಿ ಈ ಅಪಾಯ ಬಹಳ ಕಡಿಮೆ. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಅಂಥ ಔಷಧವನ್ನೇ, ನಿಜವಾದ ಅಗತ್ಯವಿದ್ದಾಗ ಮಾತ್ರ, ಸಾಕಾಗುವಷ್ಟೇ ಪ್ರಮಾಣದಲ್ಲಿ ಕೊಡಬೇಕು. ಔಷಧವನ್ನೇ ಕೊಡದೆ ತೆಗೆದ ನೇಟಿವ್ ಟಿ1 ನಿಮ್ಮ ವೈದ್ಯರ ಪ್ರಶ್ನೆಗೆ ಉತ್ತರ ಕೊಡಬಲ್ಲುದೇ ಎಂಬುದನ್ನೂ ಅವರೊಡನೆ ಚರ್ಚಿಸಿ. ಕೆಲವು ಕಾಯಿಲೆಗಳಲ್ಲಿ ಅದಷ್ಟೇ ಸಾಕಾಗುತ್ತದೆ.